ಜೌಗು ಪ್ರದೇಶ ಸಂರಕ್ಷಣಾ ನೀತಿ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಜೌಗು ಪ್ರದೇಶವೆಂದೊಡನೆ ಕೆಸರು, ಜೊಂಡು, ಸೊಳ್ಳೆಗಳು ನೆನಪಾಗುವುದು ಸಹಜ. ಆದರೆ 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸರ್ ಪಟ್ಟಣದಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಕೆರೆ, ಕಟ್ಟೆ, ಅಳಿವೆಗಳೆಲ್ಲವೂ ಜೌಗು ಪ್ರದೇಶಗಳೇ. ಭಾರತವು 1982ರಲ್ಲಿ ಈ ಒಪ್ಪಂದಕ್ಕೆ ಸೇರಿತು. ಕರ್ನಾಟಕದ ರಂಗನತಿಟ್ಟು, ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ರಾಮ್ಸರ್ ಪಟ್ಟಿಯಲ್ಲಿವೆ. ಇವುಗಳಲ್ಲಿ ಮಾಗಡಿ ಮತ್ತು ಅಂಕಸಮುದ್ರ ಪೂರ್ವಿಕರು ಬೇಸಾಯಕ್ಕಾಗಿ ಕಟ್ಟಿಸಿದ ಊರ ಕೆರೆಗಳು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಮಾಗಡಿ ಕೆರೆಯಲ್ಲಿ ತಂಗುತ್ತವೆ.

ಕೇಂದ್ರ ಸರ್ಕಾರವು 2017ರಲ್ಲಿ ಜೌಗು ಪ್ರದೇಶಗಳ ಸಂರಕ್ಷಣೆ ಮತ್ತು ನಿರ್ವಹಣಾ ನಿಯಮಗಳನ್ನು ಜಾರಿಗೊಳಿಸಿತು. ಒತ್ತುವರಿ, ಘನತ್ಯಾಜ್ಯ ಸುರಿಯುವುದು, ಶುದ್ಧೀಕರಿಸದ ಕೊಳಚೆ ಹರಿಸುವುದು, ಶಾಶ್ವತ ಸ್ವರೂಪದ ಕಟ್ಟಡ ಕಟ್ಟುವುದು ಇವೆಲ್ಲವನ್ನೂ ಆ ನಿಯಮಗಳು ನಿಷೇಧಿಸುತ್ತವೆ. ಆದರೆ ಸದಸ್ಯರು ಗಮನಿಸಬೇಕಾದ ಅಂಶವೊಂದಿದೆ. ಕುಡಿಯುವ ನೀರಿಗಾಗಿ ಅಥವಾ ನೀರಾವರಿಗಾಗಿಯೇ ಮನುಷ್ಯರು ನಿರ್ಮಿಸಿದ ಜಲಾಶಯಗಳು ಆ ನಿಯಮಗಳ ವ್ಯಾಖ್ಯೆಯಿಂದ ಹೊರಗಿವೆ. ಮಾಗಡಿಯಂತೆ ರಾಮ್ಸರ್ ಪಟ್ಟಿಗೆ ಸೇರಿದ ಕೆರೆಗಳಿಗೆ ರಕ್ಷಣೆ ದೊರೆಯುತ್ತದೆ. ಸಾಮಾನ್ಯ ಊರ ಕೆರೆಗೆ ಆ ನಿಯಮಗಳ ಆಸರೆಯಿಲ್ಲ.

ಹಾಗೆಂದು ಊರ ಕೆರೆ ಅನಾಥವಲ್ಲ. ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಸಣ್ಣ ನೀರಾವರಿ, ಜಲ ನಿರ್ವಹಣೆ, ಮೀನುಗಾರಿಕೆ ಮತ್ತು ಸಮುದಾಯದ ಆಸ್ತಿಗಳ ಪಾಲನೆಯನ್ನು ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಿದೆ. ಪಂಜಾಬಿನ ಹಳ್ಳಿಯೊಂದರ ಕೊಳದ ಒತ್ತುವರಿಗೆ ಸಂಬಂಧಿಸಿದ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರ ಜನವರಿ 28ರಂದು ನೀಡಿದ ತೀರ್ಪು ದೇಶದ ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿತು. ಬಹುಕಾಲದ ಅನುಭೋಗವಾಗಲಿ, ಕಟ್ಟಡಕ್ಕೆ ಹಾಕಿದ ಹಣವಾಗಲಿ, ರಾಜಕೀಯ ಪ್ರಭಾವವಾಗಲಿ ಒತ್ತುವರಿಯನ್ನು ಸಕ್ರಮಗೊಳಿಸಲು ಕಾರಣವಾಗಲಾರದು ಎಂಬುದು ಅದರ ಸಾರ. ಭೂಹೀನ ಕೂಲಿಕಾರರಿಗೆ ಸರ್ಕಾರವೇ ನೀಡಿದ ಗುತ್ತಿಗೆ, ಶಾಲೆ, ಚಿಕಿತ್ಸಾಲಯಗಳಂತಹ ಅಸಾಧಾರಣ ಸಂದರ್ಭಗಳಿಗೆ ಮಾತ್ರ ತೀರ್ಪು ವಿನಾಯಿತಿ ತೋರಿದೆ.

ಕೆರೆಯ ಎಲ್ಲೆ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಕೆರೆಗಳ ಸಂರಕ್ಷಣೆಗಾಗಿ ರಾಜ್ಯವು 2014ರಲ್ಲಿ ರೂಪಿಸಿದ ಕಾಯ್ದೆಯ ವ್ಯಾಖ್ಯೆ ದಾರಿ ತೋರುತ್ತದೆ. ನೀರಿರಲಿ, ಇಲ್ಲದಿರಲಿ, ಕಂದಾಯ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಎಂದು ನಮೂದಾದುದೆಲ್ಲವೂ ಕೆರೆಯೇ. ಸುತ್ತಲಿನ ಜಲಾನಯನ, ರಾಜಕಾಲುವೆ, ಏರಿ, ಕೋಡಿ, ತೂಬುಗಳೂ ಅದರ ಅಂಗಗಳೇ.

ಈ ವ್ಯಾಖ್ಯೆಯನ್ನು ಮರೆತ ಕಾಮಗಾರಿ ನಿಷ್ಫಲವಾಗುತ್ತದೆ. ಹೂಳೆತ್ತಿ, ಏರಿಯ ಮೇಲೆ ನಡಿಗೆಪಥ ಹಾಕಿ, ಬೇಲಿ ಸುತ್ತಿ, ನಾಮಫಲಕ ನೆಟ್ಟರೂ ಮೇಲಿನ ಕಾಲುವೆ ಮುಚ್ಚಿದ್ದರೆ ಮಳೆಗಾಲದಲ್ಲಿಯೂ ಅಂಗಳ ತುಂಬದು. ಅಳತೆ ಮೀರಿ ತೋಡಿದರೆ ತಳದ ಜೇಡಿಮಣ್ಣಿನ ಪದರ ಒಡೆದು ನೀರು ನಿಲ್ಲದೆ ಹೋಗಬಹುದು. ಅಂಚನ್ನು ಕಡಿದಾಗಿ ಕತ್ತರಿಸಿದರೆ ಮೀನು ಮೊಟ್ಟೆಯಿಡುವ, ಹಕ್ಕಿ ಮೇಯುವ ತೆಳುನೀರಿನ ಭಾಗವೇ ಇಲ್ಲವಾಗುತ್ತದೆ.

2022ರ ಏಪ್ರಿಲ್ 24ರಂದು ಆರಂಭವಾದ ಅಮೃತ ಸರೋವರ ಅಭಿಯಾನವು ಪ್ರತಿ ಜಿಲ್ಲೆಗೆ 75 ಜಲಕಾಯಗಳ ಗುರಿ ನೀಡಿತು. ಒಂದೊಂದೂ ಕನಿಷ್ಠ ಒಂದು ಎಕರೆಯಷ್ಟಿದ್ದು, ಸುಮಾರು 10,000 ಘನ ಮೀಟರ್, ಅಂದರೆ ಒಂದು ಕೋಟಿ ಲೀಟರ್ ನೀರು ಹಿಡಿಯಬೇಕೆಂಬುದು ಅಳತೆ. ನಿರ್ಮಾಣದ ಅನುದಾನ ಒಮ್ಮೆ ಬರುತ್ತದೆ. ಹೂಳು ಮಾತ್ರ ಪ್ರತಿ ಮಳೆಯಲ್ಲಿಯೂ ಬರುತ್ತದೆ. ಈ ಸತ್ಯವನ್ನು ನಾಡಿನ ಹಿರಿಯರು ಅರಿತಿದ್ದರು. ಶಾಸನಗಳಲ್ಲಿ ಕಾಣುವ ಬಿತ್ತುವಟ್ಟ, ಕಟ್ಟುಕೊಡಗೆಗಳು ಕೆರೆಯ ನಿರ್ಮಾಣ ಹಾಗೂ ಪಾಲನೆಗಾಗಿ ಬಿಟ್ಟ ಭೂದತ್ತಿಗಳು. ಕೆರೆಯಿಂದ ಬೆಳೆದ ಭೂಮಿಯ ಆದಾಯ ಕೆರೆಗೇ ಮರಳುತ್ತಿತ್ತು. ಇಂದು ಪ್ರಕೃತಿಯಲ್ಲಿ ಹೂಡಿಕೆ ಎಂದು ಕರೆಯುವ ನೀತಿಯ ತಿರುಳು ಇದೇ. ಲಾಭವೂ ಕಣ್ಣಿಗೆ ಕಾಣುವಂಥದು: ಬಾವಿ, ಕೊಳವೆಬಾವಿಗಳ ಮರುಪೂರಣ, ಹೊಲಕ್ಕೆ ಗೋಡುಮಣ್ಣು, ದನಕರುಗಳಿಗೆ ನೀರು, ಮೀನು. ಅಘನಾಶಿನಿಯಲ್ಲಿ ಅಳಿವೆಯ ಚಿಪ್ಪುಮೀನು ಮತ್ತು ಗಜನಿಯ ಕಗ್ಗ ಭತ್ತ ಅನೇಕ ಕುಟುಂಬಗಳನ್ನು ಪೋಷಿಸಿವೆ.

ಆದುದರಿಂದ ಮುಂದಿನ ಕ್ರಿಯಾಯೋಜನೆ ಸಿದ್ಧಪಡಿಸುವ ಮುನ್ನ ಪ್ರತಿ ಪಂಚಾಯತಿಯು ಈ ನಾಲ್ಕು ಕ್ರಮಗಳನ್ನು ಗ್ರಾಮಸಭೆಯ ಮುಂದಿಡುವುದು ಉಚಿತ:

1. ಗ್ರಾಮ ನಕಾಶೆಯಂತೆ ಕೆರೆ ಹಾಗೂ ರಾಜಕಾಲುವೆಗಳ ಅಳತೆಗೆ ತಹಶೀಲ್ದಾರರನ್ನು ಲಿಖಿತವಾಗಿ ಕೋರಿ, ಗಡಿಕಲ್ಲು ನೆಡಿಸುವುದು.
2. ಹೂಳೆತ್ತುವ ಮೊದಲು ಕಾಲುವೆ ತೆರವುಗೊಳಿಸುವುದು. ಪ್ರತಿವರ್ಷ ಮುಂಗಾರಿಗೆ ಮುನ್ನ ಅದನ್ನು ಪುನರಾವರ್ತಿಸುವುದು.
3. ಮನೆಗಳ ಬಚ್ಚಲ ನೀರನ್ನು ಇಂಗುಗುಂಡಿಗಳಿಗೆ ತಿರುಗಿಸಿ, ಚರಂಡಿಯು ಕೆರೆ ಸೇರದಂತೆ ತಡೆಯುವುದು.
4. ಪಂಚಾಯತಿಗೆ ದೊರೆಯುವ ಮೀನು ಹರಾಜಿನ ಆದಾಯದಲ್ಲಿ ನಿಶ್ಚಿತ ಪಾಲನ್ನು ಆಯಾ ಕೆರೆಯ ಪಾಲನೆಗೆ ಮೀಸಲಿಡುವುದು.

ಇವುಗಳಲ್ಲಿ ಮೊದಲನೆಯದೇ ಕಠಿಣ. ಕಾಲುವೆಯನ್ನು ಹೊಲಕ್ಕೆ ಸೇರಿಸಿಕೊಂಡವರು ಹಲವೆಡೆ ಸದಸ್ಯರ ನೆರೆಹೊರೆಯವರೇ, ಬಂಧುಗಳೇ, ಮತದಾರರೇ ಆಗಿರುತ್ತಾರೆ. ಒಬ್ಬರ ಹೆಸರು ಹಿಡಿದು ಆರಂಭಿಸಿದರೆ ಅದು ವೈಷಮ್ಯವೆನಿಸುತ್ತದೆ; ಇಡೀ ಕಾಲುವೆಯನ್ನು ತುದಿಯಿಂದ ತುದಿಗೆ ಗ್ರಾಮಸ್ಥರೆದುರು ಅಳೆದರೆ ನ್ಯಾಯವೆನಿಸುತ್ತದೆ. ಸದಸ್ಯರ ಕುಟುಂಬದ ಜಮೀನಿನಿಂದಲೇ ಅಳತೆ ಆರಂಭವಾದಲ್ಲಿ ಉಳಿದವರ ಆಕ್ಷೇಪಕ್ಕೆ ಬಲವಿರದು. ಸದಸ್ಯತ್ವದ ಅವಧಿ ಐದು ವರ್ಷ. ತೆರವಾದ ಕಾಲುವೆಯಲ್ಲಿ ಹರಿಯುವ ನೀರು ಆ ಬಳಿಕವೂ ಊರಿಗೆ ಬರುತ್ತಿರುತ್ತದೆ.