ಸಡಕಿನ ದುರಸ್ತಿಯೂ ಮೇಲ್ವಿಚಾರಕನ ಹೊಣೆಯೂ

(ಶಿಕ್ಷಕರೂ ನಾಗರಿಕರೂ ಕೂಡಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹೊಸ ಸಡಕು ಹುಟ್ಟುವಾಗ ಅದಕ್ಕೆ ಭೂಮಿಪೂಜೆಯುಂಟು, ಶಿಲಾಫಲಕವುಂಟು, ಫಲಕದ ಮೇಲೆ ಕೆತ್ತಿಸಿಕೊಳ್ಳಲು ಹೆಸರುಗಳೂ ಬೇಕಾದಷ್ಟುಂಟು. ಇದ್ದ ಸಡಕನ್ನು ಕಾಯ್ದುಕೊಳ್ಳುವ ಕೆಲಸಕ್ಕೆ ಇವು ಯಾವವೂ ಇಲ್ಲ. ಗಟಾರದ ಹೂಳು ತೆಗೆಸಿದನೆಂದು ಯಾರಿಗಾದರೂ ಹಾರ ಹಾಕಿದ್ದನ್ನು ನಾವಂತೂ ಕಂಡಿಲ್ಲ. ಅನೇಕ ವರ್ಷ ಒಂದು ಸ್ಥಳೀಯ ಸಂಸ್ಥೆಯ ಸಡಕುಗಳ ಮೇಲೆ ಆಳುಗಳ ತಂಡಗಳನ್ನು ನಡೆಯಿಸಿದ ನಮ್ಮನ್ನು ತಾವು ಮಾತಾಡಲು ಕರೆದಾಗ, ಇದಕ್ಕಿಂತ ದೊಡ್ಡ ವಿಷಯವನ್ನು ಹುಡುಕಿಕೊಂಡು ಹೋಗಲು ನಮಗೆ ಮನಸ್ಸಾಗಲಿಲ್ಲ.

ಸಡಕಿನ ಗೊಡವೆ ಶಿಕ್ಷಕರಿಗೇಕೆ ಎಂದು ಯಾರಾದರೂ ಕೇಳಿಯಾರು. ಮುಂಬಯಿ ಇಲಾಖೆಯಲ್ಲಿ 1869ರ ಕಾಯಿದೆಯ ಮೇರೆಗೆ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯಂತೆ ರೈತನಿಂದ ಪಟ್ಟಿ ಎತ್ತುತ್ತಿದ್ದರು. 'ಲೋಕಲ್ ಫಂಡ್' ಎಂದು ಹೆಸರಾದ ಆ ಹಣದಿಂದಲೇ ಹಳ್ಳಿಯ ಸಡಕೂ ಹಳ್ಳಿಯ ಶಾಲೆಯೂ ಸಾಗಬೇಕಾಗಿತ್ತು. ಒಂದೇ ಆಣೆಯ ಅನ್ನವನ್ನು ಉಂಡವರು ನಾವಿಬ್ಬರೂ. ಮುಂದೆ 1884ರ ಹಾಗೂ 1923ರ ಕಾಯಿದೆಗಳಿಂದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳ ಈ ಕೆಲಸವು ಲೋಕಲ್ ಬೋರ್ಡುಗಳ ಕೈಯಲ್ಲಿ ನಡೆಯಿತು. ಅದೇ ಕಾಲಕ್ಕೆ ಮಂಗಳೂರು ಬಳ್ಳಾರಿಗಳ ಸಡಕನ್ನು ಮದ್ರಾಸಿನ ಕಾಯಿದೆಗೊಳಪಟ್ಟ ಬೋರ್ಡುಗಳೂ, ರಾಯಚೂರು ಕಲಬುರ್ಗಿಗಳ ಸಡಕನ್ನು ನಿಜಾಮರ ಆಡಳಿತವೂ, ಮೈಸೂರಿನ ಸಡಕನ್ನು ಸಂಸ್ಥಾನವೂ ನೋಡುತ್ತಿದ್ದವು. ಒಂದೇ ನುಡಿಯ ಜನರ ಹಾದಿಗಳು ಒಂದೇ ಆಡಳಿತದ ಲೆಕ್ಕದೊಳಗೆ ಬಂದದ್ದು 1956ರ ನವೆಂಬರ 1ರಂದು. ಬಳಿಕ 1959ರ ಕಾಯಿದೆಯಿಂದ ತಾಲೂಕು ಬೋರ್ಡುಗಳೂ, 1987ರಲ್ಲಿ ಜಿಲ್ಲಾ ಪರಿಷತ್ತುಗಳೂ, 1993ರ ಕಾಯಿದೆಯಿಂದ ಮೂರು ಹಂತದ ಪಂಚಾಯತಗಳೂ ಬಂದವು. ಕಚೇರಿಯ ಬಾಗಿಲ ಮೇಲಿನ ಫಲಕವು ಇಷ್ಟು ಸಲ ಬದಲಾಯಿತು. ಸಡಕನ್ನು ಕೆಡಿಸುವ ಶತ್ರು ಮಾತ್ರ ಬದಲಾಗಲಿಲ್ಲ.

ಆ ಶತ್ರುವು ನೀರು. ಗಾಲಿಯೇ ಸಡಕನ್ನು ಹಾಳು ಮಾಡುತ್ತದೆಂದು ಜನರು ತಿಳಿಯುತ್ತಾರೆ. ಗಾಲಿಯು ಕೆಡಿಸುವದು ನೀರು ಮೊದಲೇ ಮೆತ್ತಗೆ ಮಾಡಿಟ್ಟ ಸಡಕನ್ನು. 1816ರಲ್ಲಿ ಇಂಗ್ಲಂಡದ ಬ್ರಿಸ್ಟಲ್ ಪ್ರಾಂತದ ಹಾದಿಗಳ ಮೇಲ್ವಿಚಾರಕನಾದ ಮ್ಯಾಕ್‌ಆಡಮನೆಂಬ ಸ್ಕಾಟಿಷ್ ಗೃಹಸ್ಥನು ಕಂಡುಕೊಂಡ ತತ್ವವು ಇದೇ: ಭಾರವನ್ನು ಹೊರುವದು ಕೆಳಗಿನ ನೆಲ, ಕಲ್ಲಿನ ಹಾಸು ಆ ನೆಲಕ್ಕೆ ಹೊದಿಸಿದ ಮಾಳಿಗೆಯಿದ್ದಂತೆ, ಮಾಳಿಗೆ ಸೋರದಿದ್ದರೆ ನೆಲವು ಎಷ್ಟು ಭಾರವನ್ನಾದರೂ ತಾಳುವದು. ಹಾಸಿಗೆ ಒಡೆದ ಯಾವ ಕಲ್ಲೂ 6 ಔನ್ಸನ್ನು ಮೀರಬಾರದೆಂದು ಅವನ ಕಟ್ಟಪ್ಪಣೆಯಿತ್ತು. ಅವನ ಕೈಕೆಳಗಿನ ಮೇಲ್ವಿಚಾರಕರು ಚಿಕ್ಕ ತಕ್ಕಡಿಯನ್ನು ಜೊತೆಗೊಯ್ದು ಕಲ್ಲುಗಳನ್ನು ತೂಗಿ ನೋಡುತ್ತಿದ್ದರಂತೆ. ನಮ್ಮಲ್ಲಿ ತಕ್ಕಡಿ ಹೋಗಲಿ, ಖಡಿಯ ಗುಡ್ಡೆಯ ಹತ್ತಿರ ಇಳಿದು ನೋಡುವ ಮೇಲ್ವಿಚಾರಕರೇ ವಿರಳ. ಅನೇಕರ ತಪಾಸಣೆಯು ಜೀಪಿನ ಕಿಟಕಿಯಿಂದಲೇ ಮುಗಿಯುವದು.

ಸಡಕಿನ ನಡುಭಾಗವು ಅಂಚಿಗಿಂತ ಎತ್ತರವಾಗಿರಬೇಕು. ಡಾಂಬರಿನ ತೆಳುಹಾಸಾದರೆ ಅಡ್ಡಗಲದ ಇಳಿಜಾರು 40ಕ್ಕೆ 1ರಿಂದ 50ಕ್ಕೆ 1. ಬರೀ ಖಡಿಯ ಸಡಕಾದರೆ 33ಕ್ಕೆ 1ರಿಂದ 40ಕ್ಕೆ 1. ಅಂದರೆ 3.75 ಮೀಟರು ಅಗಲದ ಹಳ್ಳಿಯ ಡಾಂಬರು ಸಡಕಿನ ನಡುವು ಅಂಚಿಗಿಂತ ಸುಮಾರು 4ರಿಂದ 5 ಸೆಂಟಿಮೀಟರು ಮೇಲಿರಬೇಕು. ಇಷ್ಟು ಚಿಕ್ಕ ಅಂತರವು ಬೇಸಿಗೆಯಲ್ಲಿ ಕಣ್ಣಿಗೆ ಬೀಳುವದೇ ಇಲ್ಲ. ಮಳೆ ಬಂದಾಗ ಮಾತ್ರ ನೀರೇ ಅದನ್ನು ತೋರಿಸಿಕೊಡುತ್ತದೆ. ಆದ್ದರಿಂದ ಮಳೆಯಲ್ಲಿ ಕೊಡೆ ಹಿಡಿದು ನಡೆಯದ ಮೇಲ್ವಿಚಾರಕನು ತನ್ನ ಸಡಕನ್ನು ಬಲ್ಲನೆಂದು ನಾವು ಒಪ್ಪುವದಿಲ್ಲ. ನೀರು ಎಲ್ಲಿ ನಿಂತಿತು, ಎಲ್ಲಿ ಅಂಚನ್ನು ಕೊರೆಯಿತು, ಯಾವ ಮೋರಿಯ ಬಾಯಿ ಕಸದಿಂದ ಕಟ್ಟಿತು, ಇವನ್ನು ಆ ಒಂದು ತಾಸಿನಲ್ಲಿ ಬರೆದುಕೊಂಡರೆ ವರ್ಷದ ಕೆಲಸದ ಪಟ್ಟಿಯೇ ಸಿದ್ಧವಾಗುವದು.

ಇನ್ನೊಂದು ಸಂಗತಿಯು ಬಹುಜನರಿಗೆ ತಿಳಿಯದು. ವರ್ಷವರ್ಷವೂ ಧೂಳು ಕೂತು ಹುಲ್ಲು ಬೆಳೆದು ಸಡಕಿನ ಪಕ್ಕದ ಮಣ್ಣು ಡಾಂಬರಿಗಿಂತ ಎತ್ತರಕ್ಕೆ ಏರುತ್ತದೆ. ಆಗ ನಡುವಿನಿಂದ ಇಳಿದ ನೀರು ಗಟಾರಕ್ಕೆ ಹೋಗಲಾರದೆ ಅಂಚಿನಲ್ಲಿಯೇ ನಿಂತು ಒಳಗೆ ಇಂಗುತ್ತದೆ. ನವಲಗುಂದ, ನರಗುಂದ, ರೋಣದ ಕಡೆಯ ಎರೆಭೂಮಿಯಲ್ಲಿ ಇದರ ಫಲವು ಘೋರವಾದದ್ದು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ; ಮೇಲಿನ ಡಾಂಬರು ಅದರ ಸಂಗಡ ಅಂಚಿನಿಂದ ನಡುವಿಗೆ ಸೀಳುತ್ತ ಬರುತ್ತದೆ. ಸರಾಸರಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ಕಡೆಯಲ್ಲಿ ಹಾದಿ ಕೆಟ್ಟರೆ ಅದು ಮಳೆಯ ತಪ್ಪೆನ್ನಬಹುದು. ಮಳೆಯೇ ಕಡಿಮೆಯಾದ ಬಯಲುನಾಡಿನಲ್ಲಿ ಕೆಟ್ಟರೆ ಅದು ಸಲಿಕೆಯ ತಪ್ಪು. ಎರಡು ಆಳು, ಒಂದು ಸಲಿಕೆ, ಒಂದು ಗುದ್ದಲಿ, ಒಂದು ಬುಟ್ಟಿ ಇದ್ದರೆ ಆ ಏರಿದ ಮಣ್ಣನ್ನು ಕೆತ್ತಿ ತೆಗೆಯಬಹುದು. ಅದಕ್ಕೆ ಟೆಂಡರು ಬೇಡ, ಯಂತ್ರ ಬೇಡ. ಬಹುಶಃ ಆ ಕಾರಣಕ್ಕಾಗಿಯೇ ಅದು ಆಗುವದಿಲ್ಲ.

ತಗ್ಗು ತುಂಬುವದಕ್ಕೂ ಒಂದು ಕ್ರಮವುಂಟು. ತಗ್ಗಿನ ಅಂಚನ್ನು ಗಟ್ಟಿಯಾದ ಭಾಗದ ವರೆಗೆ ನೆಟ್ಟಗೆ ಚೌಕವಾಗಿ ಕಡಿಯಬೇಕು. ನೀರನ್ನೂ ಕೆಸರನ್ನೂ ತೆಗೆದು ಒಣಗಿಸಿ, ಧೂಳು ಗುಡಿಸಬೇಕು. ತಳಕ್ಕೂ ಗೋಡೆಗೂ ತೆಳ್ಳಗೆ ಡಾಂಬರು ಸವರಬೇಕು. ಆಳವಾದ ತಗ್ಗಿನಲ್ಲಿ ಒಂದೊಂದು ಸಲಕ್ಕೆ 75 ಮಿಲಿಮೀಟರಿಗಿಂತ ಹೆಚ್ಚು ದಪ್ಪ ತುಂಬದೆ ಪದರುಪದರಾಗಿ ದಿಮ್ಮಿಸುತ್ತ ಮೇಲಕ್ಕೆ ಬರಬೇಕು. ನಡೆಯುವದೇನು? ನಿಂತ ನೀರಿನ ಮೇಲೆಯೇ ಮುರಿದ ಮನೆಯ ಇಟ್ಟಂಗಿ ಮಣ್ಣುಗಳನ್ನು ಸುರಿದು, ಮಂತ್ರಿಗಳ ಗಾಡಿ ದಾಟಿಹೋದರೆ ಸಾಕೆನ್ನುವರು. ಮೂರನೆಯ ದಿನಕ್ಕೆ ಗಾಲಿಗಳು ಅದನ್ನೆಲ್ಲ ಹೊರಗೆಸೆದು, ತಗ್ಗು ಮೊದಲಿಗಿಂತ ಅಗಲವಾಗುವದು.

ಗಾಲಿಯ ಪಾಲನ್ನೂ ಅಲ್ಲಗಳೆಯಲಾಗದು. ಅಮೇರಿಕೆಯ ಇಲಿನಾಯ್ ಪ್ರಾಂತದಲ್ಲಿ 1958ರಿಂದ 1960ರ ವರೆಗೆ ನಡೆದ ಪ್ರಯೋಗದಿಂದ, ಅಚ್ಚಿನ ಭಾರವು ಇಮ್ಮಡಿಯಾದರೆ ಹಾನಿಯು ಸುಮಾರು 16 ಮಡಿಯಾಗುವದೆಂದು ತಿಳಿದುಬಂದಿತು. ನಮ್ಮ ದೇಶದಲ್ಲಿ 2018ರಲ್ಲಿ ನಾಲ್ಕು ಟಾಯರಿನ ಒಂಟಿ ಅಚ್ಚಿಗೆ ಒಪ್ಪಿದ ಭಾರವನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿದರು. ಏರಿಕೆಯು ಎಂಟರಲ್ಲೊಂದು ಪಾಲು; ಅದೇ ಲೆಕ್ಕದಿಂದ ಹಾನಿಯ ಏರಿಕೆಯು ಐದರಲ್ಲಿ ಮೂರು ಪಾಲು. ಶಿಕ್ಷಕರು ಇದನ್ನು ಮಕ್ಕಳಿಗೆ ಲೆಕ್ಕವಾಗಿ ಕೊಡಬಹುದು. ಬಳ್ಳಾರಿ ಹೊಸಪೇಟೆಗಳ ಅದುರಿನ ಲಾರಿಗಳು ಎರಡು ಸಾವಿರದ ಮೊದಲ ದಶಕದಲ್ಲಿ ಹಾದಿಗಳನ್ನು ಏನು ಮಾಡಿದವೆಂಬುದನ್ನು ಕಂಡವರಿಗೆ ಲೆಕ್ಕವೂ ಬೇಕಾಗಿಲ್ಲ.

ಇನ್ನು ಆಳುಗಳ ಮಾತು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುವದರಲ್ಲಿ ಮುಳುಗಿದ್ದ ಸಿದ್ಧರಾಮನನ್ನು ಅಲ್ಲಮಪ್ರಭುಗಳು ಒಡ್ಡನೆಂದು ಕರೆದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಮಣ್ಣು ಕಲ್ಲುಗಳ ಕೆಲಸದ ಭೋವಿ ಸಮಾಜದವರು ಇಂದಿಗೂ ಆ ಸಿದ್ಧರಾಮನನ್ನೇ ಗುರುವೆಂದು ಪೂಜಿಸುವರು. ಆದರೆ ಸಡಕಿನ ಮೇಲಿನ ಆಳನ್ನು ಹೆಸರು ಹಿಡಿದು ಕರೆಯುವ ಮೇಲ್ವಿಚಾರಕನು ಇಂದಿಗೂ ಹತ್ತಕ್ಕೊಬ್ಬನಿಲ್ಲ. ಹೆಸರು ಬಲ್ಲವನಿಗೆ ಹಾಜರಿ ಪಟ್ಟಿಯಲ್ಲಿ ಸುಳ್ಳು ಸೇರಿದ್ದು ತಟ್ಟನೆ ತಿಳಿಯುತ್ತದೆಂಬುದು ಇದರೊಳಗಿನ ಲೌಕಿಕ ಲಾಭ.

ನಮ್ಮ ಕಾಲದಲ್ಲಿ ಒಂದು ಕಡೆ 18 ಹೆಸರಿನ ಪಟ್ಟಿಯ ಮೇಲೆ 11 ಜನರೇ ದುಡಿಯುತ್ತಿದ್ದರು. ಅದಕ್ಕೆ ಸಹಿ ಹಾಕಲಾರೆವೆಂದು ನಾವು ಹೇಳಿದಾಗ ಮೇಲಿನವರಿಗೆ ಸಿಟ್ಟು ಬಂದದ್ದು ಸಹಜವೇ. ಆದರೆ ಅವರಿಗಿಂತ ಹೆಚ್ಚಾಗಿ ಗಾಬರಿಗೊಂಡವರು ಆ 11 ಜನ. ಪಟ್ಟಿ ನಿಂತರೆ ಅವರ ಕೂಲಿಯೂ ನಿಲ್ಲುತ್ತಿತ್ತು. ನಾವು ದುಡಿದವರಷ್ಟರದೇ ಬೇರೆ ಪಟ್ಟಿ ಬರೆದು, ಅಂದೇ ಅಳತೆ ಹಿಡಿದು, ಮುಕಾದಮನ ಹೆಬ್ಬೆಟ್ಟು ಒತ್ತಿಸಿ ಕಳಿಸಿದೆವು. ಕೂಲಿಯು 7 ವಾರ ತಡವಾಗಿ ಬಂದಿತು. ಆ 7 ವಾರ ದಿನಾಲು ಮುಂಜಾನೆ ಅವರೆದುರಿಗೆ ಹೋಗಿ ನಿಲ್ಲುವದು ಸುಲಭವಾಗಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳು ನಡುವೆಯೇ ಕೆಲಸ ಬಿಟ್ಟು ಕಬ್ಬು ಕಡಿಯಲು ಹೋದರು. ಪ್ರಾಮಾಣಿಕತೆಯ ಖರ್ಚನ್ನು ಮೇಲ್ವಿಚಾರಕನು ಒಬ್ಬನೇ ಕೊಡುವದಿಲ್ಲ, ಬಡವನಿಂದಲೂ ವಸೂಲಾಗುತ್ತದೆ. ಅಳತೆಯ ಪುಸ್ತಕದ ಹಾಳೆಗಳಿಗೆ ಅಂಕೆ ಹಾಕಿರಬೇಕು, ತಿದ್ದಿದಲ್ಲಿ ಸಹಿಯಿರಬೇಕು ಎಂಬ ನಿಯಮಗಳೆಲ್ಲ ಒಳ್ಳೆಯವೇ. ಇಂಥ ದಿನ ಅಳೆದ ಕೆಲಸಕ್ಕೆ ಇಂಥ ದಿನದೊಳಗೆ ಕೂಲಿ ಎಂಬ ನಿಯಮವನ್ನೂ ಅಷ್ಟೇ ಬಿಗಿಯಾಗಿ ನಡೆಸಿದ್ದರೆ ಸುಳ್ಳು ಪಟ್ಟಿಗಳು ಅರ್ಧಕ್ಕರ್ಧ ತಾವಾಗಿಯೇ ನಿಲ್ಲುತ್ತಿದ್ದವು.

ಜೀವದ ಭಯವೂ ಈ ಕೆಲಸದಲ್ಲಿದೆ. 150 ಡಿಗ್ರಿಯ ವರೆಗೆ ಕಾಯಿಸಿದ ಡಾಂಬರು ಒಂದು ಹನಿ ಸಿಡಿದರೂ ತೊಗಲಿಗೆ ಹತ್ತಿಕೊಳ್ಳುವದು. ಅದರ ಬಳಿ ರಬ್ಬರು ಚಪ್ಪಲಿಯಲ್ಲಿ ನಿಂತ ಹೆಣ್ಣುಮಕ್ಕಳನ್ನು ತಾವೂ ನೋಡಿದ್ದೀರಿ. ತಿರುವಿನಲ್ಲಿ ಕೆಲಸ ನಡೆದಾಗ ಎರಡೂ ಕಡೆಗೆ ಕೆಂಪು ಬಾವುಟ ಹಿಡಿದ ಆಳನ್ನು ಸಾಕಷ್ಟು ದೂರದಲ್ಲಿ ನಿಲ್ಲಿಸದಿದ್ದರೆ ಬರುವ ಲಾರಿಯು ತಂಡದ ಮೇಲೆಯೇ ಬರುವದು. ಬಾವುಟದ ಆಳು 'ಕೂತು ತಿನ್ನುವವ'ನೆಂದು ಕೆಲಸದ ಲೆಕ್ಕದಿಂದ ಅವನನ್ನು ತೆಗೆದುಹಾಕುವ ಗುತ್ತೇದಾರರಿದ್ದಾರೆ. ಸಡಕಿನ ನಿರ್ವಹಣೆಯಲ್ಲಿ ಠರಾವಾದ ಮಟ್ಟವನ್ನು ಪಾಲಿಸದೆ ಸಾವು ಸಂಭವಿಸಿದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿಯ ವರೆಗೆ ದಂಡ ವಿಧಿಸಬಹುದೆಂದು ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಗಿದೆ. ಒಂದು ಜೀವಕ್ಕೆ ಅದು ದೊಡ್ಡ ಮೊತ್ತವಲ್ಲ; ಆದರೂ ಹೊಣೆಯೆಂಬುದೊಂದು ಇದೆಯೆಂದು ಕಾಯಿದೆಯ ಪುಸ್ತಕವು ಒಪ್ಪಿತಲ್ಲ!

ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಹಿಂದೆ ಇಂತಿಷ್ಟು ಮೈಲು ಸಡಕಿಗೆ ಇಂಥ ಗ್ಯಾಂಗು ಎಂದು ಗೊತ್ತಿರುತ್ತಿತ್ತು. ವರ್ಷವಿಡೀ ಅದೇ ಸಡಕಿನ ಮೇಲೆ ಇರುವ ಆಳಿಗೆ ಯಾವ ಮೋರಿ ಯಾವ ಮಳೆಗೆ ಕಟ್ಟುವದೆಂದು ಬಾಯಿಪಾಠವಾಗಿರುತ್ತಿತ್ತು. ತಗ್ಗು ಬುಟ್ಟಿಯಷ್ಟಿದ್ದಾಗಲೇ ಅವನು ಮುಚ್ಚುತ್ತಿದ್ದನು. ಆದರೆ ಇಂಥವರನ್ನು ಸರಕಾರವು ದಶಕಗಟ್ಟಲೆ ದಿನಗೂಲಿಯ ಮೇಲೆಯೇ ಇಟ್ಟಿತು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘವು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ, ದಿನಗೂಲಿಯವರನ್ನು ಹಂತಹಂತವಾಗಿ ಖಾಯಂ ಮಾಡುವ ಏರ್ಪಾಡಿಗೆ ಅಪ್ಪಣೆ ಕೊಟ್ಟಿತು. 2006ರಲ್ಲಿ ಉಮಾದೇವಿಯವರ ಮೊಕದ್ದಮೆಯಲ್ಲಿ, ಅದೂ ಕರ್ನಾಟಕದಿಂದಲೇ ಹೋದದ್ದು, ಅದೇ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ಆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಖಾಯಂ ಆದವರು ನಿವೃತ್ತರಾದರು. ಅವರ ಜಾಗಕ್ಕೆ ಹೊಸ ಆಳು ಬರುವದು ಅಪರೂಪವಾಯಿತು. ಗ್ಯಾಂಗಿನ ಕೆಲಸವು ಗುತ್ತಿಗೆಯ ಪಾಲಾಯಿತು.

ಗುತ್ತಿಗೆಯೆಲ್ಲ ಕೆಟ್ಟದ್ದೆಂದು ನಾವು ಹೇಳುವದಿಲ್ಲ. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಸಡಕು ಮಾಡಿದ ಗುತ್ತೇದಾರನೇ ಅದನ್ನು 5 ವರ್ಷ ಕಾಯಬೇಕೆಂಬ ಕರಾರು ಇಟ್ಟದ್ದು ಜಾಣತನದ ಕೆಲಸವೇ ಸರಿ. ಆದರೆ ಆರನೆಯ ವರ್ಷದ ಗತಿಯೇನು? ಟೆಂಡರು ಕರೆಯಲು ಕೆಲಸವು ದೊಡ್ಡದಾಗಬೇಕು. ದೊಡ್ಡದಾಗಬೇಕಾದರೆ ಸಡಕು ಚೆನ್ನಾಗಿ ಕೆಡಬೇಕು. ಬುಟ್ಟಿಯಷ್ಟು ತಗ್ಗಿಗೆ ಟೆಂಡರಿಲ್ಲ. ಈ ವ್ಯವಸ್ಥೆಯಲ್ಲಿ ಮೇಲ್ವಿಚಾರಕನು ಸಡಕು ಕೆಡುವದನ್ನೇ ಕಾಯುತ್ತ ಕೂಡ್ರಬೇಕಾಗುತ್ತದೆ. ಗ್ರಾಮ ಪಂಚಾಯತಿಯು ತನ್ನ ಹದ್ದಿನ ಸಡಕಿಗೆ ವರ್ಷವಿಡೀ ಇರುವ ಇಬ್ಬರೇ ಆಳುಗಳನ್ನು ನೇಮಿಸಿ, ಅವರಿಗೆ ತಿಂಗಳ ಪಗಾರವನ್ನು ತಪ್ಪದೆ ಕೊಟ್ಟರೆ, ದೊಡ್ಡ ಟೆಂಡರುಗಳಲ್ಲಿ ಅನೇಕವು ಬೇಕಾಗುವದೇ ಇಲ್ಲವೆಂದು ನಮ್ಮ ಸ್ಪಷ್ಟ ಅಭಿಪ್ರಾಯ.

ಮಹನೀಯರೇ, ತಮ್ಮಿಂದ ಆಗತಕ್ಕದ್ದೂ ಇದೆ. ಮನೆಯೊಳಗೆ ಗಾಡಿ ತರುವ ಸಲುವಾಗಿ ಗಟಾರದ ಮೇಲೆ ಕಲ್ಲು ಸಿಮೆಂಟುಗಳ ಇಳಿಜಾರು ಕಟ್ಟಿಸಿದವರು ಈ ಸಭೆಯಲ್ಲಿಯೂ ಇರಬಹುದು. ಅದರ ಕೆಳಗೆ ಹೂಳು ತುಂಬಿದರೆ ತೆಗೆಯಲು ಯಾವ ಆಳಿನ ಕೈಯೂ ಹೋಗದು; ಆ ಓಣಿಯ ನೀರೆಲ್ಲ ಸಡಕಿನ ಮೇಲೆ ಹರಿಯುವದು. ನಳದ ಕೊಳವೆಗಾಗಿ ಸಡಕನ್ನು ಅಡ್ಡಗಡಿದವರು ಮಣ್ಣು ತಳ್ಳಿ ಹೋಗದಂತೆ, ದಿಮ್ಮಿಸಿ ಡಾಂಬರು ಹಾಕುವ ವರೆಗೆ ಬೆನ್ನು ಹತ್ತಿರಿ. ಶಿಕ್ಷಕರಿಗೆ ಗ್ರಾಮಸಭೆಯಲ್ಲಿ ಮಾತಿನ ತೂಕವಿದೆ. ಸಭೆಯು ಸಡಕಿನ ವಿಷಯಕ್ಕೆ ಬಂದಾಗ, ಹೊಸದು ಎಷ್ಟು ಎಂಬುದರ ಮೊದಲು ಹಳೆಯದರ ಹಾಜರಿ ಪಟ್ಟಿಯನ್ನೂ ಅಳತೆಯ ಪುಸ್ತಕವನ್ನೂ ಎಲ್ಲರೆದುರು ಗಟ್ಟಿಯಾಗಿ ಓದಿಸಿರಿ. ಮೋರಿಗಳ ಬಾಯಿ ಬಿಡಿಸುವ ಕೆಲಸವು ಮೇ ತಿಂಗಳೊಳಗೆ ಮುಗಿಯಬೇಕು. ಮುಗಿದಿದೆಯೋ ಇಲ್ಲವೋ ಎಂಬುದನ್ನು ಜೂನ್ ಮೊದಲ ವಾರ ಶಾಲೆಗೆ ನಡೆದು ಬರುವಾಗ ತಾವೇ ಬಗ್ಗಿ ನೋಡಬಹುದು.