ಮನೆಯ ಹಳೆಯ ಸಾವನ್ನು ಡಾಕ್ಟರಿಗೆ ಹೇಳಿ
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಆಪರೇಷನ್ ಮಾಡುವ ಡಾಕ್ಟರಲ್ಲ. ರೋಗಿಯ ಪ್ರಜ್ಞೆ ತಪ್ಪಿಸಿ, ಕೆಲಸ ಮುಗಿದ ಮೇಲೆ ಎಬ್ಬಿಸುವ ಅರಿವಳಿಕೆ ಡಾಕ್ಟರು. ಜನ ನನ್ನ ಮುಖ ನೋಡುವುದು ಐದು ನಿಮಿಷ. ಆ ಐದು ನಿಮಿಷದಲ್ಲಿ ನಾನು ಕೇಳುವ ಒಂದು ಪ್ರಶ್ನೆಯ ಬಗ್ಗೆ ಇವತ್ತು ಮಾತಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಮಾಗಡಿ ರಸ್ತೆ ಕಡೆಯ ಒಬ್ಬ ಹುಡುಗ ಹರ್ನಿಯಾ ಆಪರೇಷನ್ನಿಗೆ ಬಂದಿದ್ದ. "ನಿಮ್ಮ ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆ ಆಗಿತ್ತೇ?" ಎಂದೆ. "ಇಲ್ಲ ಸಾರ್" ಅಂದ. ಬಾಗಿಲ ಹತ್ತಿರ ಕೂತಿದ್ದ ಅವನ ತಾಯಿಯ ತಾಯಿ ಸೆರಗು ಬಾಯಿಗಿಟ್ಟುಕೊಂಡರು. ಏನಜ್ಜಿ ಎಂದು ಕೇಳಿದೆ. "ನನ್ನ ದೊಡ್ಡ ಮಗನೂ ಹೀಗೇ ಒಳಗೆ ಹೋದವನು ಬರಲಿಲ್ಲಪ್ಪ. ಮೈ ಕೆಂಡ ಆಗಿತ್ತು, ದವಡೆ ಬಿಡಿಸೋಕೇ ಆಗಲಿಲ್ಲವಂತೆ. ಹಣೆಬರಹ ಅಂತ ಸುಮ್ಮನಾದೆವು."

ಹುಡುಗನಿಗೆ ಅದು ಗೊತ್ತೇ ಇರಲಿಲ್ಲ. ಕೆಟ್ಟದ್ದು ಬೇಡವೆಂದು ಮನೆಯಲ್ಲಿ ಆ ಮಾತೇ ಎತ್ತುತ್ತಿರಲಿಲ್ಲ.

ಅಜ್ಜಿ ಹೇಳಿದ ಲಕ್ಷಣಕ್ಕೆ ನಮ್ಮ ಪುಸ್ತಕದಲ್ಲಿ ಮಾಲಿಗ್ನೆಂಟ್ ಹೈಪರ್‌ಥರ್ಮಿಯಾ ಎಂಬ ಹೆಸರಿದೆ. ಮಾಲಿಗ್ನೆಂಟ್ ಎಂದ ತಕ್ಷಣ ಕ್ಯಾನ್ಸರ್ ಎಂದು ಹೆದರಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಮಾಂಸಖಂಡದೊಳಗೆ ಕ್ಯಾಲ್ಸಿಯಂ ಕೆರೆಯ ನೀರಿನಂತೆ ಶೇಖರವಾಗಿರುತ್ತದೆ. ಬೇಕಾದಾಗ ತೂಬು ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಆ ತೂಬು ಸಡಿಲ. ದಿನನಿತ್ಯ ಏನೂ ತೊಂದರೆಯಿಲ್ಲ, ಗದ್ದೆ ಕೆಲಸ ಮಾಡುತ್ತಾರೆ, ಕಬಡ್ಡಿ ಆಡುತ್ತಾರೆ. ಆದರೆ ಹ್ಯಾಲೋಥೇನ್, ಐಸೋಫ್ಲೂರೇನ್, ಸೀವೋಫ್ಲೂರೇನ್‌ನಂಥ ಅರಿವಳಿಕೆ ಅನಿಲ ಅಥವಾ ಸಕ್ಸಿನೈಲ್‌ಕೋಲಿನ್ ಇಂಜೆಕ್ಷನ್ ಸೋಕಿದರೆ ತೂಬು ತೆರೆದೇ ಉಳಿಯುತ್ತದೆ. ಮಲಗಿದ್ದವನ ಸ್ನಾಯುಗಳು ಓಡುವವನ ಸ್ನಾಯುಗಳಿಗಿಂತ ಜೋರಾಗಿ ದುಡಿಯುತ್ತವೆ. ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ನಾಡಿ ಓಡುತ್ತದೆ, ಮೈ ಸೆಟೆಯುತ್ತದೆ. ಹೆಸರಿನಲ್ಲಿ ಜ್ವರವಿದ್ದರೂ ಮೈ ಬಿಸಿಯಾಗುವುದು ಎಷ್ಟೋ ಸಲ ತಡವಾಗಿ. ಅದಕ್ಕೆ ಕಾದು ಕೂತರೆ ಕೆಟ್ಟೆವು.

ಇದನ್ನು ಜಗತ್ತಿಗೆ ತಿಳಿಸಿದ್ದೂ ಒಂದು ಮನೆಯ ನೆನಪೇ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕಾಲು ಮುರಿದ 21 ವರ್ಷದ ಯುವಕನೊಬ್ಬನಿಗೆ ಕಾಲಿಗಿಂತ ಅರಿವಳಿಕೆಯದೇ ಭಯ. ಅವನ ಬಂಧುಗಳಲ್ಲಿ ಹತ್ತು ಮಂದಿ ಅದರಿಂದಲೇ ಸತ್ತಿದ್ದರು. ಹ್ಯಾಲೋಥೇನ್ ಕೊಟ್ಟಾಗ ಅವನಿಗೂ ಹಾಗೇ ಆಯಿತು. ಬೇಗ ನಿಲ್ಲಿಸಿ, ಮಂಜುಗಡ್ಡೆಯಿಟ್ಟು ಬದುಕಿಸಿದರು. ಡೆನ್‌ಬರೋ ಮತ್ತು ಲವೆಲ್ ಎಂಬ ವೈದ್ಯರು 1960ರಲ್ಲಿ ಅದನ್ನು ಪ್ರಕಟಿಸಿದರು.

ಆಗ ಈ ತೊಂದರೆ ಬಂದವರಲ್ಲಿ ಹೆಚ್ಚಿನವರು ಸಾಯುತ್ತಿದ್ದರು. 1975ರಲ್ಲಿ ದಕ್ಷಿಣ ಆಫ್ರಿಕಾದ ಹ್ಯಾರಿಸನ್ ಹಂದಿಗಳ ಮೇಲೆ ಪರೀಕ್ಷಿಸಿ ಡಾಂಟ್ರೋಲಿನ್ ಎಂಬ ಔಷಧಿ ಇದನ್ನು ತಡೆಯುತ್ತದೆಂದು ತೋರಿಸಿದರು. ಈಗ ಅನುಮಾನ ಬಂದ ಕ್ಷಣ ಅನಿಲ ನಿಲ್ಲಿಸಿ, ಪೂರ್ತಿ ಆಕ್ಸಿಜನ್ ಕೊಟ್ಟು, ಮೈ ತಣ್ಣಗೆ ಮಾಡುತ್ತ ಡಾಂಟ್ರೋಲಿನ್ ಕೊಡುತ್ತೇವೆ. ಕಿಲೋ ತೂಕಕ್ಕೆ ಎರಡೂವರೆ ಮಿಲಿಗ್ರಾಂ. 60 ಕಿಲೋ ಮನುಷ್ಯನಿಗೆ ಮೊದಲ ಸಲಕ್ಕೇ 20 ಮಿಲಿಗ್ರಾಂನ ಎಂಟು ಬಾಟಲಿ. ಹಳೆಯ ಬಗೆಯ ಪುಡಿಯಾದರೆ ಒಂದೊಂದಕ್ಕೂ 60 ಮಿಲಿಲೀಟರ್ ನೀರು ಹಾಕಿ ಅಲ್ಲಾಡಿಸುತ್ತಲೇ ಇರಬೇಕು, ಒಬ್ಬರ ಕೈಲಿ ಆಗುವ ಕೆಲಸವಲ್ಲ. ಆಮೇಲೂ ಒಂದು ದಿನವಾದರೂ ಐಸಿಯುನಲ್ಲಿ ಕಾಯಬೇಕು, ಮರುಕಳಿಸುವುದುಂಟು. ಬೇಸರದ ಮಾತೆಂದರೆ, ನಮ್ಮ ದೇಶದ ಬಹಳಷ್ಟು ಆಸ್ಪತ್ರೆಗಳಲ್ಲಿ ಈ ಔಷಧಿ ಕೈಗೆಟಕುವಂತೆ ಇರುವುದಿಲ್ಲ.

ಹಾಗಾಗಿ ನಿಮ್ಮ ಬಾಯಿಮಾತೇ ನಮಗೆ ದೊಡ್ಡ ಆಧಾರ. ಮಾಮೂಲಿ ರಕ್ತಪರೀಕ್ಷೆಯಲ್ಲಿ ಇದು ಕಾಣದು. ಹಿಂದೆ ಎರಡು ಸಲ ಆಪರೇಷನ್ ಆಗಿ ಏನೂ ಆಗದವರಿಗೂ ಮೂರನೆಯ ಸಲ ಬರಬಹುದು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಬಹಳ ಅಪರೂಪದ ತೊಂದರೆ, ಇದಕ್ಕೆ ಹೆದರಿ ಯಾರೂ ಆಪರೇಷನ್ ತಪ್ಪಿಸಿಕೊಳ್ಳಬೇಡಿ. ಮುಂಚೆ ಗೊತ್ತಾದರೆ ದಾರಿ ಸುಲಭ: ಆ ಅನಿಲಗಳನ್ನೂ ಆ ಇಂಜೆಕ್ಷನ್ನನ್ನೂ ಬಿಟ್ಟು ಬೇರೆ ಔಷಧಿ ಕೊಡುತ್ತೇವೆ, ಇಲ್ಲವೇ ಬೆನ್ನಿಗೆ ಇಂಜೆಕ್ಷನ್.

ಆ ಹುಡುಗನಿಗೂ ಬೆನ್ನಿಗೇ ಕೊಟ್ಟೆವು. ಆಪರೇಷನ್ ಪೂರ್ತಿ ಎಚ್ಚರವಾಗಿದ್ದು, ಎಷ್ಟು ಹೊತ್ತಾಗುತ್ತದೆ ಎಂದು ಎರಡು ಸಲ ಕೇಳಿದ. ಅವನ ಸೋದರಮಾವ ಸತ್ತದ್ದು ಇದರಿಂದಲೇ ಎಂದು ಈಗ ಯಾರೂ ಖಚಿತವಾಗಿ ಹೇಳಲಾರರು. ಆದರೂ ಯಾವ ಯಾವ ಔಷಧಿ ಕೊಡಬಾರದೆಂದು ಒಂದು ಕಾಗದದಲ್ಲಿ ಬರೆದು, ಅವನ ತಾಯಿಗೂ ತಮ್ಮನಿಗೂ ಒಂದೊಂದು ಪ್ರತಿ ಮಾಡಿಸಿಕೊಟ್ಟೆ. ಅಜ್ಜಿ ತಮ್ಮದನ್ನು ರೇಷನ್ ಕಾರ್ಡಿನ ಕವರಿನೊಳಗೆ ಮಡಿಸಿಟ್ಟುಕೊಂಡರು.