ಬಾಣದೊಳಗಿನ ಬಿಡುವು

ದುರ್ಗಿಗುಡಿಗೆ ಸಾಮಾನು ಕೊಳ್ಳಲು ಬಂದವರು ಇನ್ನೊಂದಿಷ್ಟು ದೂರ ಹೋಗಿ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯವನ್ನು ನೋಡಿ ಬರಬಹುದು. ೨೦೧೮ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳುಬಾವಿಯೊಂದರ ಕೆಸರಿನಿಂದ ತೆಗೆದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳನ್ನು ಅಲ್ಲಿಗೆ ತಂದಿದ್ದಾರೆ. ಅವು ಟಿಪ್ಪುವಿನ ಕಾಲದವು.

ಅವನ್ನು ಕಂಡ ಹುಡುಗರು ‘ಎಷ್ಟು ದೂರ ಹಾರುತ್ತಿತ್ತು?’ ಎಂದು ಕೇಳುವುದು ಸಹಜ. ಹಾರಿದ ಮೇಲೆ ಏನಾಗಬೇಕು, ಯಾವ ಗಳಿಗೆಯಲ್ಲಿ ಆಗಬೇಕು ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ. ಮೈಸೂರಿನ ಬಾಣಗಾರರು ಕೊಳವೆಯ ದಪ್ಪ, ಗುರಿಯ ದೂರ ಎರಡನ್ನೂ ಲೆಕ್ಕಹಾಕಿ ಓರೆಯನ್ನು ಮೊದಲೇ ಗೊತ್ತುಮಾಡುತ್ತಿದ್ದರು. ಕಿಡಿ ತಾಗಿದ ಮೇಲೆ ಮದ್ದು ಯಾರ ಮಾತನ್ನೂ ಕೇಳದಷ್ಟೆ.

ಇಂದು ಹವ್ಯಾಸಕ್ಕಾಗಿ ಚಿಕ್ಕ ರಾಕೆಟ್ಟುಗಳನ್ನು ಹಾರಿಸುವವರಿಗೂ ಇದೇ ಕಟ್ಟಳೆ. ಅವರ ರಾಕೆಟ್ಟು ಯಾರನ್ನೂ ಬಡಿಯಬಾರದು. ಪ್ಯಾರಾಚೂಟು ಬಿಚ್ಚಿ ಮೆಲ್ಲಗೆ ಇಳಿಯಬೇಕು. ಮೋಟಾರಿನಲ್ಲಿ ಮೊದಲು ಮೇಲೇರಿಸುವ ಮದ್ದು ಉರಿಯುತ್ತದೆ. ಬಳಿಕ ನಿಧಾನವಾಗಿ ಉರಿಯುವ ಪದರ. ಕೊನೆಗೆ ಪ್ಯಾರಾಚೂಟನ್ನು ಹೊರದಬ್ಬುವ ಚಿಟಿಕೆ ಮದ್ದು. ನಡುವಣ ಪದರ ಉರಿಯುವ ಕಾಲವನ್ನು ನಾವು ‘ಬಿಡುವು’ ಎನ್ನೋಣ. ಬಿಡುವು ಕಡಿಮೆಯಾದರೆ, ಇನ್ನೂ ವೇಗದಲ್ಲಿರುವಾಗಲೇ ಬಟ್ಟೆ ಬಿಚ್ಚಿ ಹರಿಯುತ್ತದೆ. ಹೆಚ್ಚಾದರೆ ರಾಕೆಟ್ಟು ತಲೆಕೆಳಗಾಗಿ ಧಾವಿಸುತ್ತದೆ. ಕೆಳಗೆ ನಿಂತವರ ಗತಿಯೇನು?

ಲೆಕ್ಕ ಕಠಿಣವಲ್ಲ. ಮದ್ದು ಮುಗಿದಾಗ ವೇಗ ಸೆಕೆಂಡಿಗೆ ೬೦ ಮೀಟರ್ ಎನ್ನಿ. ಭೂಮಿಯ ಸೆಳೆತ ಪ್ರತಿ ಸೆಕೆಂಡಿಗೂ ಅದರಲ್ಲಿ ಸುಮಾರು ೧೦ ಮೀಟರ್ ಕಳೆಯುತ್ತದೆ. ಆರು ಸೆಕೆಂಡಿಗೆ ಏರಾಟ ನಿಲ್ಲಬೇಕು; ಗಾಳಿಯ ತಡೆಯೂ ಸೇರಿ ಐದಕ್ಕೇ ನಿಂತೀತು. ಚಿಕ್ಕ ಮೋಟಾರುಗಳ ಮೇಲೆ ಬಿಡುವನ್ನು ಅಚ್ಚುಹಾಕಿರುತ್ತಾರೆ: ‘ಸಿ೬-೫’ ಎಂಬಲ್ಲಿ ಕೊನೆಯ ೫ ಅದೇ. ದೊಡ್ಡವುಗಳಲ್ಲಿ ಕೆಲವಕ್ಕೆ, ತಯಾರಕರು ಕೊಡುವ ಸಾಧನದಿಂದ ಪದರವನ್ನು ಕೊರೆದು ಬಿಡುವನ್ನು ತಗ್ಗಿಸಬಹುದು. ಸುಮಾರು ೦.೮ ಮಿಲಿಮೀಟರ್ ಕೊರೆದರೆ ಒಂದು ಸೆಕೆಂಡು ಕಡಿಮೆ. ಹತ್ತನ್ನು ಐದಕ್ಕೆ ಇಳಿಸಲು ೪ ಮಿಲಿಮೀಟರ್. ಕೊರೆದುದನ್ನು ಮರಳಿ ತುಂಬಲಾಗದು. ಆದುದರಿಂದ ಲೆಕ್ಕ ಮೊದಲು, ಕೊರೆಯುವುದು ಆಮೇಲೆ.

ತಾಯಿತಂದೆಗಳಲ್ಲಿ ಒಂದು ಮಾತು. ಹುಡುಗರು ಪಟಾಕಿ ಬಿಚ್ಚಿ ಕೊಳವೆಗೆ ಮದ್ದು ತುಂಬುವ ಸಾಹಸಕ್ಕೆ ಹೋಗದಂತೆ ನೋಡಿಕೊಳ್ಳಿ. ಲೈಸೆನ್ಸಿಲ್ಲದೆ ಮದ್ದು ತಯಾರಿಸುವುದು ಕಾಯಿದೆಗೆ ವಿರುದ್ಧ. ಕಣ್ಣಿಗೂ ಕೈಗೂ ಅಪಾಯ. ಅವರ ಕೈಗೆ ಒಂದು ಚೆಂಡನ್ನೂ ಗಡಿಯಾರವನ್ನೂ ಕೊಡಿ. ನೇರ ಮೇಲಕ್ಕೆ ಎಸೆದ ಚೆಂಡು ೩ ಸೆಕೆಂಡಿಗೆ ಕೈಗೆ ಮರಳಿದರೆ, ತುದಿ ಮುಟ್ಟಿದ್ದು ಒಂದೂವರೆ ಸೆಕೆಂಡಿಗೆ. ಎಸೆದ ವೇಗ ಸೆಕೆಂಡಿಗೆ ಸುಮಾರು ೧೫ ಮೀಟರ್. ಇಷ್ಟನ್ನು ತಾವೇ ಕಂಡುಕೊಂಡ ಮಕ್ಕಳನ್ನು ಅರಮನೆಗೆ ಕರೆದೊಯ್ಯಿರಿ. ಆ ತುಕ್ಕುಹಿಡಿದ ಕೊಳವೆಗಳನ್ನು ಕುರಿತು ಅವರೇ ನಿಮಗೆ ಹೇಳಿಯಾರು.